ಊರಿನ ಇತಿಹಾಸ ಬರೆಯುವವರಾರು? ರೋಣ, ನರಗುಂದ, ಗಜೇಂದ್ರಗಡದಿಂದ ಪಿಎಚ್.ಡಿ.ವರೆಗಿನ ಹಾದಿ

1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಆ ಮುತ್ತಿಗೆಯಿಂದ ಹೊತ್ತಿಕೊಂಡ ಯುದ್ಧದಲ್ಲಿ ಮರಾಠರೂ ಹೈದರಾಬಾದಿನ ನಿಜಾಮನೂ ಒಂದು ಕಡೆ ನಿಂತರು. ಎರಡು ವರ್ಷಗಳ ಬಳಿಕ, 1787ರ ಏಪ್ರಿಲ್‌ನಲ್ಲಿ, ಗಜೇಂದ್ರಗಡದ ಒಪ್ಪಂದದೊಂದಿಗೆ ಅದು ಕೊನೆಗೊಂಡಿತು. ಯುದ್ಧಕ್ಕೆ ಕಾರಣವಾದ ಊರು ಮತ್ತು ಸಂಧಿಗೆ ಹೆಸರು ಕೊಟ್ಟ ಊರು, ಎರಡೂ ಇಂದಿನ ಗದಗ ಜಿಲ್ಲೆಯಲ್ಲಿವೆ. ಆದರೆ ಈ ಘಟನಾವಳಿಯ ಮೂಲ ಕಾಗದಪತ್ರಗಳನ್ನು ಓದಬಯಸುವವರು ಮರಾಠಿ ಪತ್ರಗಳಿಗಾಗಿ ಪುಣೆಗೆ, ಇಂಗ್ಲಿಷ್ ದಾಖಲೆಗಳಿಗಾಗಿ ಮುಂಬೈ, ಲಂಡನ್ನುಗಳಿಗೆ, ಮೈಸೂರಿನ ಕಡೆಯ ಕಥನಕ್ಕಾಗಿ ಪಾರಸಿ ಗ್ರಂಥಗಳಿಗೆ ಹೋಗಬೇಕಾಗುತ್ತದೆ.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಪದವಿ ಪಡೆಯುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಅವರಲ್ಲಿ ಸಂಶೋಧನ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ, ತಮ್ಮ ನೆಲದ ಗತಕಾಲವನ್ನೇ ಅಧ್ಯಯನದ ವಸ್ತುವಾಗಿಸಿಕೊಳ್ಳಬಯಸುವವರಿಗೆ ಮುಂದಿನ ಹಾದಿ ಹೇಗಿದೆ, ಎಷ್ಟು ವರ್ಷದ್ದು, ಅದಕ್ಕೆ ಯಾವ ಸಿದ್ಧತೆ ಬೇಕು, ಕೊನೆಗೆ ದೊರೆಯುವುದೇನು ಎಂಬ ಪ್ರಶ್ನೆಗಳು ಸಹಜ. 2022ರ ನಂತರ ಪಿಎಚ್.ಡಿ. ನಿಯಮಗಳು ಗಣನೀಯವಾಗಿ ಬದಲಾಗಿರುವುದರಿಂದ ಹಿರಿಯರು ಹೇಳುವ ಹಳೆಯ ಮಾಹಿತಿ ಎಲ್ಲ ಕಡೆಯೂ ಅನ್ವಯಿಸುವುದಿಲ್ಲ.

ಎಂ.ಎ. ಬೇರೆ, ಸಂಶೋಧನೆ ಬೇರೆ

ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ವಿದ್ಯಾರ್ಥಿಯು ಇತರರು ಬರೆದ ಇತಿಹಾಸವನ್ನು ಓದುತ್ತಾನೆ. ಚಾಲುಕ್ಯರು ಯಾರು, 1857ರ ಕಾರಣಗಳೇನು, ಏಕೀಕರಣ ಹೇಗಾಯಿತು ಎಂಬುದಕ್ಕೆ ಪಠ್ಯಪುಸ್ತಕ ಸಿದ್ಧ ಉತ್ತರ ಕೊಡುತ್ತದೆ. ಸಂಶೋಧನೆಯಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಅಲ್ಲಿ ಮೊದಲು ಬೇಕಾದುದು ಪ್ರಶ್ನೆ. ಅದಕ್ಕೆ ಉತ್ತರ ಕೊಡಬಲ್ಲ ಮೂಲ ಆಕರಗಳು ಎಲ್ಲಿವೆ, ಅವು ನಂಬಲರ್ಹವೇ, ಹಿಂದಿನವರು ಅವನ್ನು ಹೇಗೆ ಓದಿದ್ದಾರೆ ಎಂಬುದನ್ನು ಪರಿಶೀಲಿಸಿದ ಮೇಲೆ ಮಾತ್ರ ಬರವಣಿಗೆ ಆರಂಭವಾಗುತ್ತದೆ. ಮಹಾಪ್ರಬಂಧವೆಂದರೆ ಹಲವು ಪುಸ್ತಕಗಳ ಸಾರಸಂಗ್ರಹವಲ್ಲ. ಹಿಂದೆ ಯಾರೂ ಹೇಳಿರದ ಒಂದು ಸಂಗತಿಯನ್ನಾದರೂ ಆಧಾರಸಹಿತವಾಗಿ ಸ್ಥಾಪಿಸುವುದೇ ಅದರ ಉದ್ದೇಶ.

ಈ ವ್ಯತ್ಯಾಸವನ್ನು ಅರಿಯಲು ಈ ಮೂರು ತಾಲ್ಲೂಕುಗಳ ನೆಲವೇ ಸಾಕಷ್ಟು ಉದಾಹರಣೆಗಳನ್ನು ಒದಗಿಸುತ್ತದೆ.

ಕಲ್ಲಿನ ಬರಹವೂ ಪರೀಕ್ಷೆಗೆ ಒಳಪಡಬೇಕು

ಹಳೆಯ ರೋಣ ತಾಲ್ಲೂಕಿನ ಸೂಡಿ ಗ್ರಾಮ ಇಂದು ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ ಮತ್ತು ನಾಗಕುಂಡದ ಪುಷ್ಕರಣಿಗಳಿಗಾಗಿ ಪ್ರವಾಸಿಗರಿಗೆ ಪರಿಚಿತ. ಇತಿಹಾಸಕಾರರಿಗೆ ಅದು ಶಾಸನಗಳ ಊರು. 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಸಂಗತಿ ಈ ಭಾಗದ ಶಾಸನಗಳಿಂದ ತಿಳಿದುಬರುತ್ತದೆ. ಇಲ್ಲಿನ ಕಾಳಾಮುಖ ಗುರುಗಳ ಕುರಿತ ಶಾಸನಗಳು ಅಮೆರಿಕದ ವಿದ್ವಾಂಸ ಡೇವಿಡ್ ಲೊರೆಂಜೆನ್ 1972ರಲ್ಲಿ ಪ್ರಕಟಿಸಿದ ಕಾಪಾಲಿಕ ಮತ್ತು ಕಾಳಾಮುಖ ಪಂಥಗಳ ಅಧ್ಯಯನಕ್ಕೂ ಆಧಾರವಾಗಿವೆ. ಒಂದು ಹಳ್ಳಿಯ ಕಲ್ಲು ಜಗತ್ತಿನ ವಿದ್ವತ್ ಚರ್ಚೆಯಲ್ಲಿ ಸ್ಥಾನ ಪಡೆಯುವುದು ಹೀಗೆ.

ಇದೇ ಸೂಡಿಯಲ್ಲಿ ದೊರೆತ ಒಂದು ತಾಮ್ರಪಟ ಮಾತ್ರ ಬೇರೆ ಪಾಠವನ್ನು ಕಲಿಸುತ್ತದೆ. ಗಂಗರ ಬೂತುಗನು ಶಕ 860ರಲ್ಲಿ, ಅಂದರೆ ಕ್ರಿ.ಶ. 938ರಲ್ಲಿ, ಜಿನಾಲಯವೊಂದಕ್ಕೆ ಭೂಮಿ ದಾನ ಮಾಡಿದನೆಂದು ಅದು ಹೇಳಿಕೊಳ್ಳುತ್ತದೆ. ಅದನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್ ಅದು ಕೂಟಶಾಸನವೆಂದು, ಅಂದರೆ ನಂತರದ ಕಾಲದಲ್ಲಿ ಸೃಷ್ಟಿಸಲಾದ ದಾಖಲೆಯೆಂದು ತೀರ್ಮಾನಿಸಿದರು.

ನರಗುಂದ ತಾಲ್ಲೂಕಿನ ಕೊಣ್ಣೂರಿನ ಪ್ರಕರಣ ಇನ್ನೂ ಕುತೂಹಲಕರ. ಅಲ್ಲಿನ ಶಿಲಾಶಾಸನವು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಕ್ರಿ.ಶ. 860ರಲ್ಲಿ ಬಂಕೆಯನ ಬಿನ್ನಹದ ಮೇರೆಗೆ ಜಿನಾಲಯಕ್ಕೆ ನೀಡಿದ ದಾನವನ್ನು ದಾಖಲಿಸುತ್ತದೆ. ಆದರೆ ಅದೇ ಶಾಸನದ ಉತ್ತರಭಾಗದ ಪ್ರಕಾರ, ಹಿಂದಿನ ತಾಮ್ರಪಟದಲ್ಲಿದ್ದುದನ್ನು ವೀರನಂದಿ ಮುನಿಗಳು ಕಲ್ಲಿನ ಮೇಲೆ ಬರೆಯಿಸಿದರು. ವೀರನಂದಿಯ ಕಾಲ 12ನೆಯ ಶತಮಾನ. ಹಾಗಾದರೆ ಈ ಶಾಸನ 9ನೆಯ ಶತಮಾನದ ಸಾಕ್ಷಿಯೋ, 12ನೆಯ ಶತಮಾನದ್ದೋ? ಮೂಲ ತಾಮ್ರಪಟ ನಿಜಕ್ಕೂ ಇತ್ತೆ? ಪ್ರತಿ ಮಾಡುವಾಗ ಏನಾದರೂ ಸೇರಿತೆ?

ಕೂಟಶಾಸನವೆಂದ ಮಾತ್ರಕ್ಕೆ ಅದು ನಿರುಪಯುಕ್ತವಲ್ಲ. ದಾನಭೂಮಿಯ ಹಕ್ಕನ್ನು ಸಾಬೀತುಪಡಿಸುವ ಅಗತ್ಯ ಯಾರಿಗೆ, ಯಾವಾಗ, ಏಕೆ ಬಂದಿತು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಶಾಸನದ ಪಾಠವನ್ನು ಪಠ್ಯದಲ್ಲಿ ಓದಿ ನಂಬುವುದು ವಿದ್ಯಾರ್ಥಿಯ ಕೆಲಸವಾದರೆ, ಈ ಪ್ರಶ್ನೆಗಳನ್ನು ಕೇಳುವುದು ಸಂಶೋಧಕನ ಕೆಲಸ. ಅದಕ್ಕೆ ಹಳಗನ್ನಡ, ಅಷ್ಟಿಷ್ಟು ಸಂಸ್ಕೃತ ಮತ್ತು ಲಿಪಿಯ ವಿಕಾಸದ ತಿಳಿವಳಿಕೆ ಅನಿವಾರ್ಯ.

ಕೋಟೆಯ ಕಥೆಗೆ ನಾಲ್ಕು ಭಾಷೆ

18ನೆಯ ಶತಮಾನಕ್ಕೆ ಬಂದರೆ ಅಗತ್ಯವಾದ ಭಾಷೆಗಳೇ ಬೇರೆಯಾಗುತ್ತವೆ. ನರಗುಂದದ ಭಾವೆ ಮನೆತನ ಮತ್ತು ಗಜೇಂದ್ರಗಡದ ಘೋರ್ಪಡೆ ಮನೆತನಗಳ ಆಡಳಿತ ವ್ಯವಹಾರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಪುಣೆಯ ಪೇಶ್ವೆ ದಫ್ತರದಲ್ಲಿರುವ ಅಪಾರ ಕಾಗದರಾಶಿಯ ಅತ್ಯಲ್ಪ ಭಾಗವಷ್ಟೇ ಮುದ್ರಣ ಕಂಡಿದೆ. ಇತಿಹಾಸಕಾರ ಗೋ.ಸ. ಸರದೇಸಾಯಿ ಅವರ ಸಂಪಾದಕತ್ವದಲ್ಲಿ 1930ರ ದಶಕದಲ್ಲಿ ಹೊರಬಂದ 45 ಸಂಪುಟಗಳು ಆ ಭಾಗದ ಮುಖ್ಯ ಅಂಶ. ಟಿಪ್ಪುವಿನ ಪಕ್ಷದ ಕಥನಕ್ಕೆ ಮೀರ್ ಹುಸೇನ್ ಅಲಿ ಕಿರ್ಮಾನಿಯ ಪಾರಸಿ ಗ್ರಂಥ ನಿಶಾನ್-ಇ-ಹೈದರಿಯನ್ನು ನೋಡಬೇಕು.

1787ರ ಸಂಧಿಯಂತೆ ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರ ಪಾಲಾದವು. ಟಿಪ್ಪು ಕಪ್ಪಕಾಣಿಕೆ ಕೊಡಲೊಪ್ಪಿದನು. ಇದಿಷ್ಟು ರಾಜಕೀಯ ಇತಿಹಾಸ. ಆದರೆ ಎರಡು ವರ್ಷ ಸೇನೆಗಳು ಓಡಾಡಿದ ಎರೆನೆಲದಲ್ಲಿ ಬೆಳೆಯ ಗತಿ ಏನಾಯಿತು, ಒಡೆಯರು ಬದಲಾದಾಗ ದೇಸಗತಿ, ಶಾನಭೋಗಿಕೆ, ಗೌಡಿಕೆಗಳ ಹಕ್ಕು ಯಾರಲ್ಲಿ ಉಳಿಯಿತು, ಊರು ಬಿಟ್ಟವರು ಮರಳಿದರೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅದೇ ಮೋಡಿ ಕಾಗದಗಳಲ್ಲಿ ಹುಡುಕಬೇಕಾಗುತ್ತದೆ. ಮೋಡಿ ಓದಬಲ್ಲ ಕನ್ನಡಿಗರು ಹಿಂದಿನ ತಲೆಮಾರಿನಲ್ಲಿ ಉತ್ತರ ಕರ್ನಾಟಕದ ಕಚೇರಿಗಳಲ್ಲಿಯೇ ಇದ್ದರು. ಇಂದು ಅದನ್ನು ಪ್ರತ್ಯೇಕವಾಗಿ ಕಲಿಯಬೇಕು. ಕಲಿತವರಿಗೆ ಬಹುತೇಕ ಯಾರೂ ತೆರೆಯದ ಗಂಟುಗಳು ಕಾದಿವೆ.

1858: ಕಾಗದ ಯಾರದು, ಕಥೆ ಯಾರದು?

ನರಗುಂದದ ಹೆಸರು ರಾಷ್ಟ್ರದ ಇತಿಹಾಸದಲ್ಲಿ ಅಚ್ಚೊತ್ತಿರುವುದು ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಬಂಡಾಯದಿಂದ. ದತ್ತು ಸ್ವೀಕಾರಕ್ಕೆ ಬ್ರಿಟಿಷರ ನಿರಾಕರಣೆ ಮತ್ತು ಶಸ್ತ್ರಾಸ್ತ್ರ ಒಪ್ಪಿಸುವ ಆಜ್ಞೆಗಳಿಂದ ಕನಲಿದ ಆತನು 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಲ್ಲಿಸಿ, ರುಂಡವನ್ನು ನರಗುಂದದ ಅಗಸೆಗೆ ತೂಗುಹಾಕಿಸಿದನು. ಜೂನ್ ಮೊದಲ ದಿನಗಳಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ನರಗುಂದವನ್ನು ವಶಪಡಿಸಿಕೊಂಡಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು.

ಈ ಬಂಡಾಯದ ಬಗ್ಗೆ ಉಳಿದಿರುವ ಲಿಖಿತ ದಾಖಲೆಗಳಲ್ಲಿ ಬಹುಪಾಲು ಅದನ್ನು ಅಡಗಿಸಿದವರದು. ಅಧಿಕಾರಿಗಳ ಪತ್ರ, ವಿಚಾರಣೆಯ ಹೇಳಿಕೆ, ಸೇನೆಯ ವರದಿ, 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಪ್ರಕಟವಾದ ಧಾರವಾಡ ಜಿಲ್ಲಾ ಗ್ಯಾಝೆಟಿಯರ್, ಎಲ್ಲವೂ ಸರಕಾರದ ಕಣ್ಣಿನಿಂದ ಕಂಡವು. ಇನ್ನೊಂದು ಪಕ್ಷದ ಮಾತು ಲಾವಣಿಗಳಲ್ಲಿ, ಮನೆತನಗಳ ನೆನಪಿನಲ್ಲಿ ಉಳಿಯಿತು. ಶಾಸನಗಳನ್ನು ಓದಿದ ಅದೇ ಫ್ಲೀಟ್ ಈ ಸೀಮೆಯ ಲಾವಣಿಗಳನ್ನೂ ಸಂಗ್ರಹಿಸಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಲಾವಣಿಗಳು ಅವುಗಳಲ್ಲಿ ಸೇರಿವೆ.

ಕಾಗದವೇ ಸತ್ಯ, ಲಾವಣಿ ಕಟ್ಟುಕಥೆ ಎಂಬ ನಿಲುವು ಎಷ್ಟು ಅಪೂರ್ಣವೋ, ಲಾವಣಿಯೇ ಸತ್ಯ, ಕಾಗದವೆಲ್ಲ ಸುಳ್ಳು ಎಂಬುದೂ ಅಷ್ಟೇ ಅಪೂರ್ಣ. ವಿಚಾರಣೆಯ ಹೇಳಿಕೆಯನ್ನು ಕೊಟ್ಟವನು ಯಾವ ಭಯದಲ್ಲಿದ್ದ, ಲಾವಣಿ ಕಟ್ಟಿದವನು ಯಾರ ಮುಂದೆ ಹಾಡುತ್ತಿದ್ದ ಎಂಬುದನ್ನು ಸಮಾನ ಎಚ್ಚರದಿಂದ ಕೇಳುವುದು ಸಂಶೋಧನ ಶಿಸ್ತಿನ ತಿರುಳು. ವಿಶ್ವವಿದ್ಯಾಲಯದಲ್ಲಿ ಕಳೆಯುವ ವರ್ಷಗಳು ಮುಖ್ಯವಾಗಿ ಕಲಿಸುವುದು ಇದನ್ನೇ.

1980: ಕಾಯದ ಸಾಕ್ಷಿಗಳು

ಸಮೀಪದ ಇತಿಹಾಸದಲ್ಲಿ ತುರ್ತು ಮತ್ತೊಂದು ಬಗೆಯದು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರು ಅಭಿವೃದ್ಧಿ ಕರ ಮತ್ತು ನೀರಿನ ಕರಗಳ ವಿರುದ್ಧ ನಡೆಸಿದ ಪ್ರತಿಭಟನೆಯ ವೇಳೆ ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ರಾಜ್ಯಾದ್ಯಂತ ಹಬ್ಬಿದ ಆಕ್ರೋಶ ರೈತ ಸಂಘಟನೆಗೆ ಹೊಸ ಬಲ ತಂದಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರದ ಪತನಕ್ಕೆ ಅದೂ ಒಂದು ಕಾರಣವೆಂದು ಪರಿಗಣಿಸಲಾಗಿದೆ. ಪ್ರತಿ ವರ್ಷ ಜುಲೈ 21ರಂದು ನರಗುಂದದ ರೈತ ವೀರಗಲ್ಲಿನ ಬಳಿ ಜನ ಸೇರುತ್ತಾರೆ. ಸಾವಿರ ವರ್ಷಗಳ ಹಿಂದೆ ತುರು ಕಾಯ್ದು ಮಡಿದವನಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ನೀರಿಗಾಗಿ ಮಡಿದವನಿಗೂ ಅದೇ ಹೆಸರಿನ ಕಲ್ಲು ನಿಂತಿರುವುದು ಸಂಶೋಧಕರ ಗಮನಕ್ಕೆ ಅರ್ಹವಾದ ಸಂಗತಿ.

ಆ ದಿನ ಇಪ್ಪತ್ತೈದರ ಹರೆಯದಲ್ಲಿದ್ದವರು ಈಗ ಎಪ್ಪತ್ತರ ಗಡಿಯಲ್ಲಿದ್ದಾರೆ. ಅಂದಿನ ಹಿರಿಯ ಮುಂದಾಳುಗಳಲ್ಲಿ ಹಲವರು ಉಳಿದಿಲ್ಲ. ಶಾಸನ ಇನ್ನೂ ನೂರು ವರ್ಷ ಕಾಯಬಹುದು, ಮನುಷ್ಯನ ನೆನಪು ಕಾಯುವುದಿಲ್ಲ. ರೈತರು, ಅವರ ಮನೆಯ ಹೆಣ್ಣುಮಕ್ಕಳು, ಅಂದಿನ ನೌಕರರು, ಪೊಲೀಸರು, ಪತ್ರಕರ್ತರು ಇವರೆಲ್ಲರ ಹೇಳಿಕೆಗಳನ್ನು ಕ್ರಮಬದ್ಧವಾಗಿ ಧ್ವನಿಮುದ್ರಿಸಿ, ಪತ್ರಿಕಾ ವರದಿ ಮತ್ತು ವಿಧಾನಮಂಡಲದ ಚರ್ಚೆಗಳೊಂದಿಗೆ ತಾಳೆ ನೋಡುವ ಮೌಖಿಕ ಇತಿಹಾಸದ ಕೆಲಸಕ್ಕೆ ಉಳಿದಿರುವ ಅವಧಿ ಬಹಳ ಕಡಿಮೆ. 2015ರ ಜುಲೈಯಲ್ಲಿ ನರಗುಂದದಲ್ಲಿ ಆರಂಭವಾದ ಮಹದಾಯಿ ಹೋರಾಟವೂ ಇಂಥ ಅಧ್ಯಯನದ ಮುಂದುವರಿಕೆಯಾಗಬಲ್ಲದು.

ಇವಲ್ಲದೆ ಗಜೇಂದ್ರಗಡದ ನೇಕಾರಿಕೆ, ಮಲಪ್ರಭಾ ನೀರಾವರಿಯಿಂದ ಬದಲಾದ ಬೆಳೆ ಪದ್ಧತಿ, ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಅವರಂಥ ನಾಯಕರ ಮೂಲಕ ಹಳ್ಳಿ ಹಳ್ಳಿಗೆ ತಲುಪಿದ ಏಕೀಕರಣ ಚಳವಳಿ, ಇವೆಲ್ಲ ಸ್ಥಳೀಯವಾಗಿದ್ದೂ ರಾಜ್ಯದ ಇತಿಹಾಸಕ್ಕೆ ಹೊಸದನ್ನು ಸೇರಿಸಬಲ್ಲ ವಿಷಯಗಳು.

ದಾಖಲೆಗಳು ಎಲ್ಲೆಲ್ಲಿವೆ?

ಗದಗ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮೊದಲು ಈ ತಾಲ್ಲೂಕುಗಳು ಧಾರವಾಡ ಜಿಲ್ಲೆಗೆ, 1956ಕ್ಕೆ ಮೊದಲು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಡಳಿತ ಬದಲಾದಂತೆ ಕಾಗದಗಳೂ ಹಂಚಿಹೋದವು. ಈ ಭಾಗದ ಸಂಶೋಧಕ ತಿರುಗಬೇಕಾದ ಮುಖ್ಯ ಸ್ಥಳಗಳು ಇವು:

ಧಾರವಾಡ: 1939ರಲ್ಲಿ ಸ್ಥಾಪನೆಯಾಗಿ ನಂತರ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾದ ಕನ್ನಡ ಸಂಶೋಧನ ಸಂಸ್ಥೆ, ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯ ಕಚೇರಿ.

ಮೈಸೂರು: ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ ಕಚೇರಿ. ಮುಂಬಯಿ ಕರ್ನಾಟಕದ ಶಾಸನಗಳು ದಕ್ಷಿಣ ಭಾರತದ ಶಾಸನಗಳು ಮಾಲೆಯ 11ನೆಯ ಸಂಪುಟದಿಂದ ಆರಂಭಿಸಿ ಹಲವು ಸಂಪುಟಗಳಲ್ಲಿ ಪ್ರಕಟವಾಗಿವೆ.

ಬೆಂಗಳೂರು: ಕರ್ನಾಟಕ ರಾಜ್ಯ ಪತ್ರಾಗಾರ ಮತ್ತು ವಿಧಾನಮಂಡಲದ ಗ್ರಂಥಾಲಯ.

ಮುಂಬೈ ಮತ್ತು ಪುಣೆ: ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಪೇಶ್ವೆ ದಫ್ತರ ಮತ್ತು 1910ರಲ್ಲಿ ಸ್ಥಾಪಿತವಾದ ಭಾರತ ಇತಿಹಾಸ ಸಂಶೋಧಕ ಮಂಡಳ.

ಲಂಡನ್: ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು.

ಇದರ ಜೊತೆಗೆ ತಾಲ್ಲೂಕು ಕಚೇರಿಯ ಹಳೆಯ ದಫ್ತರಗಳು, ಮಠಗಳ ಕಡತಗಳು, ದೇಸಾಯಿ, ಕುಲಕರ್ಣಿ ಮನೆತನಗಳ ಅಟ್ಟದ ಮೇಲಿನ ಗಂಟುಗಳು ಯಾವ ಸೂಚಿಯಲ್ಲಿಯೂ ಸಿಗುವುದಿಲ್ಲ. ಅವನ್ನು ತೋರಿಸುವ ವಿಶ್ವಾಸ ಹೊರಗಿನಿಂದ ಬಂದವರಿಗಿಂತ ಊರಿನವರಿಗೆ ಬೇಗ ದಕ್ಕುತ್ತದೆ. ಸ್ಥಳೀಯ ವಿದ್ಯಾರ್ಥಿಗಿರುವ ನಿಜವಾದ ಅನುಕೂಲ ಇದೇ.

ಯಾವ ವಿಶ್ವವಿದ್ಯಾಲಯ?

ಗದಗ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಈ ವಿಶ್ವವಿದ್ಯಾಲಯ ಶಾಸನಶಾಸ್ತ್ರ ಮತ್ತು ಪ್ರಾಚೀನ ಇತಿಹಾಸಗಳಲ್ಲಿ ಪಿ.ಬಿ. ದೇಸಾಯಿ, ಜಿ.ಎಸ್. ದೀಕ್ಷಿತ್, ಶ್ರೀನಿವಾಸ ರಿತ್ತಿ, ಅ. ಸುಂದರ ಮೊದಲಾದ ವಿದ್ವಾಂಸರ ಪರಂಪರೆಯನ್ನು ಕಂಡಿದೆ. ಸಂಶೋಧನೆಗೆಂದೇ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಬಹುದು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಗಳು ಬೇರೆ ಬಗೆಯ ತರಬೇತಿ ಮತ್ತು ವಿಶಾಲ ಗ್ರಂಥಾಲಯಗಳನ್ನು ಒದಗಿಸುತ್ತವೆ.

ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆ ಮುಖ್ಯ. ಮೋಡಿ ಕಾಗದಗಳ ಮೇಲೆ ಕೆಲಸ ಮಾಡಬಯಸುವವರಿಗೆ ಆ ಕಾಲದ ತಜ್ಞರಿಲ್ಲದ ಪ್ರಸಿದ್ಧ ವಿಭಾಗಕ್ಕಿಂತ ತಜ್ಞರೊಬ್ಬರಿರುವ ಸಣ್ಣ ವಿಭಾಗವೇ ಮೇಲು. ಮಾರ್ಗದರ್ಶಕರ ಪ್ರಕಟಿತ ಬರಹಗಳನ್ನು ಓದುವುದು, ಅವರ ಬಳಿ ಪಿಎಚ್.ಡಿ. ಮುಗಿಸಿದವರ ಪ್ರಬಂಧಗಳನ್ನು ನೋಡುವುದು ಅರ್ಜಿ ಹಾಕುವ ಮೊದಲೇ ಆಗಬೇಕಾದ ಕೆಲಸ. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಸಂಗ್ರಹಿಸಿರುವ ಶೋಧಗಂಗಾ ಅಂತರ್ಜಾಲ ಭಂಡಾರದಲ್ಲಿ ಅವು ಉಚಿತವಾಗಿ ಲಭ್ಯ. ತಾನು ಆರಿಸಿಕೊಂಡ ವಿಷಯದ ಮೇಲೆ ಈಗಾಗಲೇ ಯಾರು ಬರೆದಿದ್ದಾರೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ನಿಯಮಗಳು ಏನು ಹೇಳುತ್ತವೆ?

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಾವಳಿಯ ಮುಖ್ಯಾಂಶಗಳು ಹೀಗಿವೆ:

* ಎಂ.ಫಿಲ್. ಪದವಿ ರದ್ದಾಗಿದೆ. ಎಂ.ಎ. ನಂತರ ನೇರವಾಗಿ ಪಿಎಚ್.ಡಿ.ಗೆ ಪ್ರವೇಶ.
* ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲ ಮತ್ತು ಆರ್ಥಿಕವಾಗಿ ದುರ್ಬಲ ಅಭ್ಯರ್ಥಿಗಳಿಗೆ ಶೇ. 5ರ ರಿಯಾಯಿತಿ ಇದೆ.
* ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರೂ ಅರ್ಹರು. ಆದರೆ ಕರ್ನಾಟಕ ಸರಕಾರ 2024-25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ ರಾಜ್ಯದ ಬಹುತೇಕ ವಿದ್ಯಾರ್ಥಿಗಳಿಗೆ ಎಂ.ಎ. ಮೂಲಕವೇ ಹಾದಿ.
* ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ 2 ವರ್ಷ ಹೆಚ್ಚುವರಿ ಅವಕಾಶ ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಇನ್ನೂ 2 ವರ್ಷ ವಿನಾಯಿತಿ ಉಂಟು. ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ.
* ಕೋರ್ಸ್‌ವರ್ಕ್ ಕಡ್ಡಾಯ. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಪ್ರಬಂಧವನ್ನು ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಪರಿಶೀಲಿಸಿದ ಮೇಲೆ ಮೌಖಿಕ ಪರೀಕ್ಷೆ ನಡೆಯುತ್ತದೆ.
* ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಹೀಗಾಗಿ ಅರ್ಹತೆ ಇದ್ದರೂ ಸ್ಥಾನ ಖಾಲಿ ಇಲ್ಲದಿರಬಹುದು.

2024ರ ಜೂನ್‌ನಿಂದ ನೆಟ್ ಪರೀಕ್ಷೆಯ ಫಲಿತಾಂಶ ಮೂರು ವರ್ಗಗಳಲ್ಲಿ ಪ್ರಕಟವಾಗುತ್ತಿದೆ. ಮೊದಲನೆಯದರಲ್ಲಿ ಕಿರಿಯ ಸಂಶೋಧನ ಫೆಲೋಶಿಪ್, ಎರಡನೆಯದರಲ್ಲಿ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಮೂರನೆಯದರಲ್ಲಿ ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ಎರಡು ಮತ್ತು ಮೂರನೆಯ ವರ್ಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ ನಿಗದಿಯಾಗಿದೆ. ತನ್ನದೇ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳೂ ಇರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯುವುದು ಕ್ಷೇಮ.

ಹಣ ಮತ್ತು ಹೊಟ್ಟೆಪಾಡು

ಒಕ್ಕಲುತನದ ಅಥವಾ ನೇಕಾರಿಕೆಯ ಮನೆಯಿಂದ ಬಂದ ವಿದ್ಯಾರ್ಥಿಗೆ ಆರು ವರ್ಷ ಗಳಿಕೆ ಇಲ್ಲದೆ ಓದುವುದು ಸುಲಭದ ನಿರ್ಧಾರವಲ್ಲ. ಎಂ.ಎ. ಸೇರಿಸಿದರೆ ಅದು ಎಂಟು ವರ್ಷವಾಗುತ್ತದೆ. ಕಿರಿಯ ಸಂಶೋಧನ ಫೆಲೋಶಿಪ್ ಈ ಲೆಕ್ಕವನ್ನೇ ಬದಲಿಸುತ್ತದೆ. 2023ರ ಜನವರಿಯಿಂದ ಅದರ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿಗಳಿಗೆ ಏರಿದೆ. ಇದರ ಮೇಲೆ ಮನೆಬಾಡಿಗೆ ಮತ್ತು ಸಾದಿಲ್ವಾರು ವೆಚ್ಚ. ಗರಿಷ್ಠ ಅವಧಿ ಐದು ವರ್ಷ. ವಯೋಮಿತಿ ಸಾಮಾನ್ಯ ವರ್ಗಕ್ಕೆ 30. ಮಹಿಳೆಯರಿಗೆ ಹಾಗೂ ಮೀಸಲು ವರ್ಗಗಳಿಗೆ 5 ವರ್ಷಗಳ ಸಡಿಲಿಕೆ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಭಾರತೀಯ ಇತಿಹಾಸ ಸಂಶೋಧನ ಪರಿಷತ್ತು ಇತಿಹಾಸದ ಸಂಶೋಧಕರಿಗೆಂದೇ ಫೆಲೋಶಿಪ್ ಕೊಡುತ್ತದೆ.

ಫೆಲೋಶಿಪ್ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಅರೆಕಾಲಿಕವಾಗಿ ನೋಂದಾಯಿಸಿಕೊಳ್ಳುವುದು ಸಾಮಾನ್ಯ. ಇದು ಸಾಧ್ಯವಾದರೂ ಪತ್ರಾಗಾರದಲ್ಲಿ ವಾರಗಟ್ಟಲೆ ಕೂರಬೇಕಾದ ವಿಷಯಗಳಿಗೆ ಹೊಂದುವುದಿಲ್ಲ. ಅಂಥವರು ಊರಿನ ಸುತ್ತಲೇ ಆಕರಗಳಿರುವ ವಿಷಯವನ್ನು ಆಯ್ದುಕೊಳ್ಳುವುದು ವಿವೇಕ.

ಉದ್ಯೋಗದ ಬಗ್ಗೆ ಭ್ರಮೆ ಬೇಡ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಅಧ್ಯಾಪಕ ಹುದ್ದೆಯಷ್ಟೇ ಗುರಿಯಾದವರು ಪಿಎಚ್.ಡಿ.ಗೆ ಮೊದಲು ಈ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕು. ಖಾಯಂ ನೇಮಕಾತಿಗಳು ವರ್ಷಗಳ ಅಂತರದಲ್ಲಿ ನಡೆಯುತ್ತವೆ, ಸ್ಪರ್ಧೆ ತೀವ್ರ. ಪುರಾತತ್ತ್ವ ಇಲಾಖೆ, ಪತ್ರಾಗಾರ, ವಸ್ತುಸಂಗ್ರಹಾಲಯಗಳಲ್ಲಿ ಅವಕಾಶಗಳುಂಟಾದರೂ ಅವು ಕೆಲವೇ. ಪದವಿಯ ಹಿಂದೆ ನಿಶ್ಚಿತ ನೌಕರಿ ಬರುತ್ತದೆಂದು ಮನೆಯವರಿಗೆ ಮಾತು ಕೊಟ್ಟು ಹೊರಡುವುದು ಮುಂದೆ ಇಬ್ಬರಿಗೂ ಕಷ್ಟ.

ಕನ್ನಡ ಮಾಧ್ಯಮದವರ ತೊಡಕು

ನೆಟ್ ಪರೀಕ್ಷೆಯಲ್ಲಿ ಇತಿಹಾಸದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಪದವಿಯನ್ನು ಕನ್ನಡದಲ್ಲಿ ಓದಿದವರಿಗೆ ಇದು ಮೊದಲ ಗೋಡೆ. ಎರಡನೆಯದು ಓದಿನ ಗೋಡೆ. ಕರ್ನಾಟಕದ ಇತಿಹಾಸ ಕುರಿತ ವಿದ್ವತ್ ಲೇಖನಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಶಾಸನ ಸಂಪುಟಗಳ ಪೀಠಿಕೆಗಳೂ ಹಾಗೆಯೇ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಹಾನಗರದ ವಿದ್ಯಾರ್ಥಿ ಸೂಡಿಯ ಶಾಸನವನ್ನು ಅನುವಾದದಲ್ಲಿ ಓದುತ್ತಾನೆ, ನರಗುಂದದ ರೈತನ ಮಾತಿಗೆ ದುಭಾಷಿಯನ್ನು ಹುಡುಕುತ್ತಾನೆ. ರೋಣದ ವಿದ್ಯಾರ್ಥಿಗೆ ಆ ಮಾತು ಮನೆಯ ಮಾತು. ಓದುವಷ್ಟು ಇಂಗ್ಲಿಷನ್ನು ಎರಡು ವರ್ಷಗಳ ಶ್ರದ್ಧೆಯಿಂದ ಸಂಪಾದಿಸಬಹುದು. ಊರಿನ ಮಾತಿನ ಒಳಗನ್ನು ಅಷ್ಟು ಬೇಗ ಸಂಪಾದಿಸಲಾಗದು. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ದಕ್ಷಿಣ ಏಷ್ಯದ ಇತಿಹಾಸ ಓದಬಯಸುವವರಿಗೂ ಮೂಲ ಆಕರಗಳ ಭಾಷೆ ತಿಳಿದಿರುವುದೇ ದೊಡ್ಡ ಅರ್ಹತೆ.

ಸಿದ್ಧತೆ ಎಲ್ಲಿಂದ?

ಪದವಿಯ ಕೊನೆಯ ವರ್ಷದಲ್ಲಿಯೇ ಆರಂಭಿಸಬಹುದಾದ ಕೆಲಸಗಳು ಹಲವಿವೆ. ತನ್ನ ಊರಿನ ಶಾಸನ ಪ್ರಕಟವಾಗಿದೆಯೇ, ಯಾವ ಸಂಪುಟದಲ್ಲಿ ಎಂಬುದನ್ನು ಪತ್ತೆ ಹಚ್ಚಿ, ಪಾಠವನ್ನು ಕಲ್ಲಿನ ಮುಂದೆ ನಿಂತು ಹೋಲಿಸಿ ನೋಡುವುದು ಮೊದಲನೆಯದು. ರಸ್ತೆ ಅಗಲೀಕರಣ, ಗುಡಿಗಳ ಜೀರ್ಣೋದ್ಧಾರ, ಬಣ್ಣ ಬಳಿಯುವಿಕೆಗಳಲ್ಲಿ ಅಕ್ಷರಗಳು ಅಳಿಯುತ್ತಿರುವ ಕಾಲದಲ್ಲಿ ಒಂದು ಸ್ಪಷ್ಟ ಛಾಯಾಚಿತ್ರ, ಸ್ಥಳ ಮತ್ತು ದಿನಾಂಕದ ಟಿಪ್ಪಣಿಯೂ ಮುಂದೆ ಆಕರವಾಗಬಲ್ಲದು. ಮನೆಯ ಹಿರಿಯರೊಬ್ಬರ 1980ರ ನೆನಪನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸುವುದು ಎರಡನೆಯದು. ಎಂ.ಎ. ಅವಧಿಯಲ್ಲಿ ಹಳಗನ್ನಡ, ಮೋಡಿ ಅಥವಾ ಪಾರಸಿಗಳಲ್ಲಿ ಒಂದನ್ನಾದರೂ ಹಿಡಿದು ಕಲಿಯುವುದು ಮೂರನೆಯದು.

ವಿಷಯವನ್ನು ಆರಿಸುವಾಗ ಗದಗ ಜಿಲ್ಲೆಯ ಸಾಂಸ್ಕೃತಿಕ ಇತಿಹಾಸ ಎಂಬಂಥ ಎಲ್ಲವನ್ನೂ ಒಳಗೊಳ್ಳುವ ಶೀರ್ಷಿಕೆಗಳು ಆಕರ್ಷಕವಾಗಿ ಕಂಡರೂ ಪ್ರಬಂಧ ತೆಳುವಾಗುತ್ತದೆ. ಗಜೇಂದ್ರಗಡದ ಸಂಧಿಯ ನಂತರದ ಹತ್ತು ವರ್ಷಗಳಲ್ಲಿ ನರಗುಂದ ಸೀಮೆಯ ಕಂದಾಯ ವ್ಯವಸ್ಥೆ ಎಂಬಂಥ ಇಕ್ಕಟ್ಟಾದ ಪ್ರಶ್ನೆ ಆಳಕ್ಕೆ ಒಯ್ಯುತ್ತದೆ. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಗಟ್ಟಿಯಾಗುವುದು ಈ ಕ್ಷೇತ್ರದ ಅನುಭವ.

1914ರಲ್ಲಿ ಆಲೂರ ವೆಂಕಟರಾಯರು ಧಾರವಾಡದಲ್ಲಿ ಇತಿಹಾಸ ಮಂಡಳ ಕಟ್ಟಿದಾಗ ಕನ್ನಡಿಗರ ಗತಕಾಲವನ್ನು ಕನ್ನಡಿಗರೇ ಬರೆಯಬೇಕೆಂಬುದು ಅವರ ಹಂಬಲವಾಗಿತ್ತು. ಅಂದು ವಿಶ್ವವಿದ್ಯಾಲಯವಿರಲಿಲ್ಲ, ಫೆಲೋಶಿಪ್ ಇರಲಿಲ್ಲ. ಇಂದು ಎರಡೂ ಇವೆ. ಸೂಡಿಯ ಕಲ್ಲುಗಳನ್ನು ನೂರು ವರ್ಷಗಳ ಹಿಂದೆ ಆಂಗ್ಲ ಅಧಿಕಾರಿಗಳು ಓದಿದ ರೀತಿಯೇ ಅಂತಿಮವಾಗಿ ಉಳಿಯಬೇಕೆ ಎಂಬುದನ್ನು ನಿರ್ಧರಿಸಬೇಕಾದವರು ಈಗ ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳು.